ಮರಳಿ ಬರುವವನಿಗೆ ಕಾನೂನಿನ ಅಭಯ

(ಐನಾಪುರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಚಿಂಚೋಳಿ ತಾಲೂಕು ತೆಲಂಗಾಣದ ಗಡಿಗೆ ತಾಗಿಕೊಂಡಿದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದಿನ ವಿಮಾನ ನಿಲ್ದಾಣವೇ ಹತ್ತಿರ. ಅಲ್ಲಿಂದ ಕೊಲ್ಲಿಗೆ ದುಡಿಯಲು ಹೋದ ಯುವಕನೊಬ್ಬನ ಮೇಲೆ ಊರಿನಲ್ಲಿ ಮೊಕದ್ದಮೆ ದಾಖಲಾಯಿತೆಂದು ಭಾವಿಸೋಣ. ಅದು ಜಮೀನಿನ ಜಗಳವಿರಬಹುದು, ಪತ್ನಿ ನೀಡಿದ ವರದಕ್ಷಿಣೆ ಕಿರುಕುಳದ ದೂರಿರಬಹುದು. ಇಳಿದೊಡನೆ ಬಂಧಿಸುವರೆಂಬ ಭಯದಿಂದ ಆತ ತಾಯಿಯ ಜನಾಝಕ್ಕೂ ಬರಲಾರ. ಆತ ಬಾರದಿದ್ದರೆ ದೂರು ಕೊಟ್ಟವಳಿಗೂ ನ್ಯಾಯ ದೊರೆಯದು. ಈ ಬಿಕ್ಕಟ್ಟಿಗೆ ಕಾನೂನಿನಲ್ಲಿ ಉತ್ತರವಿದೆಯೇ?

ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಮಿನಲ್ಲಿದ್ದ ನಿರೀಕ್ಷಣಾ ಜಾಮೀನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನಲ್ಲಿದೆ. ಬಂಧನದ ಭೀತಿಯುಳ್ಳವನು ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನ ಮೊರೆ ಹೋಗಬಹುದು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಪೀಠ ಬಂದಿರುವುದರಿಂದ ಅದಕ್ಕಾಗಿ ನಾವು ಬೆಂಗಳೂರಿಗೆ ಅಲೆಯಬೇಕಿಲ್ಲ.

ವಿದೇಶದಲ್ಲಿದ್ದುಕೊಂಡೇ ಅರ್ಜಿ ಸಲ್ಲಿಸಬಹುದೇ? 2022ರಲ್ಲಿ ದುಬೈಯಲ್ಲಿದ್ದ ಮಲಯಾಳಂ ಚಿತ್ರ ನಿರ್ಮಾಪಕರೊಬ್ಬರ ಪ್ರಕರಣದಲ್ಲಿ ಕೇರಳ ಹೈಕೋರ್ಟು, ಸಲ್ಲಿಸಬಹುದು, ಆದರೆ ಅಂತಿಮ ವಿಚಾರಣೆಗೆ ಮುನ್ನ ಅರ್ಜಿದಾರ ದೇಶದೊಳಗಿರಬೇಕು ಎಂದಿತು. ಮೇ 31ರಂದು ಮಧ್ಯಂತರ ರಕ್ಷಣೆ ದೊರೆಯಿತು. ಮರುದಿನವೇ ಅವರು ಕೊಚ್ಚಿಗೆ ಬಂದಿಳಿದು ತನಿಖೆಗೆ ಹಾಜರಾದರು. ಕೇರಳದ ಆದೇಶ ನಮ್ಮ ನ್ಯಾಯಾಲಯಗಳಿಗೆ ಕಡ್ಡಾಯವಲ್ಲ. ಆದರೂ ವಾದಕ್ಕೆ ಅದೊಂದು ಬಲ.

ಇನ್ನು ಬೇರೆ ರಾಜ್ಯದ ನ್ಯಾಯಾಲಯದ ಪ್ರಶ್ನೆ. ರಾಜಸ್ಥಾನದಲ್ಲಿ ದಾಖಲಾದ ಪ್ರಕರಣಕ್ಕೆ ಬೆಂಗಳೂರಿನ ನ್ಯಾಯಾಲಯ ಜಾಮೀನು ನೀಡಿದ್ದ ಮೊಕದ್ದಮೆಯಲ್ಲಿ, 2023ರ ನವೆಂಬರ್ 20ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಸುಪ್ರೀಂ ಕೋರ್ಟ್ ಪೀಠವು ಆ ಜಾಮೀನನ್ನು ರದ್ದುಗೊಳಿಸಿತು. ಆದರೆ ಸಂಬಂಧಪಟ್ಟ ನ್ಯಾಯಾಲಯಕ್ಕೆ ಹೋಗಲು ನಾಲ್ಕು ವಾರಗಳ ರಕ್ಷಣೆ ನೀಡಿತು. ಹೊರ ರಾಜ್ಯದ ನ್ಯಾಯಾಲಯವು ಸೀಮಿತ ಅವಧಿಯ ಮಧ್ಯಂತರ ರಕ್ಷಣೆಯನ್ನು ಮಾತ್ರ ನೀಡಬಹುದು. ತನಿಖಾಧಿಕಾರಿಗೂ ಸರಕಾರಿ ಅಭಿಯೋಜಕರಿಗೂ ನೋಟಿಸು ಹೋಗಬೇಕು. ಆದೇಶದಲ್ಲಿ ಕಾರಣಗಳು ದಾಖಲಾಗಬೇಕು. ಆ ಸ್ಥಳದೊಂದಿಗೆ ಅರ್ಜಿದಾರನಿಗೆ ವಾಸ, ಉದ್ಯೋಗ ಮೊದಲಾದ ನಿಜವಾದ ನಂಟೂ ಇರಬೇಕು. ಆದ್ದರಿಂದ ಹೈದರಾಬಾದಿನಲ್ಲಿ ಇಳಿದೆನೆಂಬುದಷ್ಟೇ ಸಾಲದು. ಹೊರಡುವ ಮೊದಲೇ ವಕೀಲರ ಮೂಲಕ ಕಲಬುರಗಿಯಲ್ಲಿ ಅರ್ಜಿ ಹಾಕುವುದೇ ನೇರವಾದ ದಾರಿ.

ಆದರೆ ಈ ರಕ್ಷಣೆ ಪ್ರಬಲರ ಗುರಾಣಿಯಾಗಬಾರದು. ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ 2024ರ ಏಪ್ರಿಲ್‌ನಲ್ಲಿ, ಮತದಾನದ ಬೆನ್ನಿಗೇ, ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ ಜರ್ಮನಿಗೆ ತೆರಳಿದರು. ಅವರ ಪರವಾಗಿ ನಿರೀಕ್ಷಣಾ ಜಾಮೀನಿನ ಅರ್ಜಿ ಸಲ್ಲಿಕೆಯಾದರೂ ರಕ್ಷಣೆ ಸಿಗಲಿಲ್ಲ. ಮೇ 31ರಂದು ಬೆಂಗಳೂರಿಗೆ ಬಂದಿಳಿದೊಡನೆ ಬಂಧನವಾಯಿತು. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯವು ಒಂದು ಅತ್ಯಾಚಾರ ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣದ ದೂರುದಾರೆ ಓರ್ವ ಮನೆಗೆಲಸದ ಮಹಿಳೆ. ಆಕೆಯ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಸಿಕ್ಕಿತೆಂಬುದು ಸಮಾಧಾನದ ಸಂಗತಿ.

ನೆರೆಯ ಪಾಕಿಸ್ತಾನದಲ್ಲಿ 2023ರ ಅಕ್ಟೋಬರ್‌ನಲ್ಲಿ ನವಾಝ್ ಶರೀಫ್‌ರಿಗೆ ಸ್ವದೇಶಕ್ಕೆ ಕಾಲಿಡುವ ಮೊದಲೇ ಇಸ್ಲಾಮಾಬಾದ್ ಹೈಕೋರ್ಟು ರಕ್ಷಣಾ ಜಾಮೀನು ನೀಡಿತ್ತು. ಮಾಜಿ ಪ್ರಧಾನಿಗೆ ತೆರೆದ ಬಾಗಿಲು ಕೂಲಿಕಾರನಿಗೂ ತೆರೆಯುವುದೇ? ನ್ಯಾಯವ್ಯವಸ್ಥೆಯ ಅಳತೆಗೋಲು ಇದುವೇ ಆಗಿದೆ.

ಕೊನೆಯದಾಗಿ, ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಹೆಂಡತಿ ಮಕ್ಕಳನ್ನು ಕೈಬಿಟ್ಟು ವಿದೇಶದಲ್ಲಿ ಅಡಗಿದವನನ್ನು ‘ಪಾಪ, ಕೇಸಿನ ಭಯ’ ಎಂದು ಸಮರ್ಥಿಸುವವರು ನಮ್ಮಲ್ಲಿಲ್ಲವೇ? ಮದ್ರಸಾದಲ್ಲಿ ನಾವು ಓದಿದ ಫಿಕ್ಹ್‌ನಲ್ಲಿ ‘ಅಮಾನ್’ ಎಂಬ ಪದವಿದೆ. ಹೊರಗಿನಿಂದ ಬರುವವನಿಗೆ ಕೊಡುವ ಅಭಯವದು. ಅಭಯವೆಂದರೆ ಕ್ಷಮೆಯಲ್ಲ, ಖುಲಾಸೆಯೂ ಅಲ್ಲ. ತಾತ್ಕಾಲಿಕ ಜಾಮೀನೂ ಹಾಗೆಯೇ. ಅದು ನಿರಪರಾಧಿಗೆ ತನ್ನ ಮಾತನ್ನು ಹೇಳಲು ಅವಕಾಶ ಕೊಡುತ್ತದೆ, ಅಪರಾಧಿಯನ್ನು ಉತ್ತರಿಸುವ ಸ್ಥಳಕ್ಕೆ ಕರೆತರುತ್ತದೆ.

ಆದುದರಿಂದ ನಿಮ್ಮ ಮಗನೋ ತಮ್ಮನೋ ಇಂಥ ಭಯದಲ್ಲಿದ್ದರೆ ದಲ್ಲಾಳಿಯ ಬಳಿಗಲ್ಲ, ವಕೀಲರ ಬಳಿಗೆ ಹೋಗಿರಿ. ದೂರು ಕೊಟ್ಟವಳು ನಿಮ್ಮ ಸೊಸೆಯಾಗಿದ್ದರೂ ಆಕೆಗೆ ತಾಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಿರಿ. ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಮಗನಿಗೆ ಮಾತ್ರ ಹೀಗೆ ಹೇಳಿರಿ: ಮರಳಿ ಬಾ, ಬಂದು ಉತ್ತರ ಕೊಡು.