ಮುನ್ನ, ಮುಂದೆ, ಮೇಲು



ಇಂಗ್ಲಿಷಿನ ‘ಪ್ರಿಸೀಡ್’ ಎಂಬ ಪದಕ್ಕೆ ಮೂರು ಅರ್ಥಗಳುಂಟು: ಕಾಲದಲ್ಲಿ ಮೊದಲಾಗುವುದು, ಸಾಲಿನಲ್ಲಿ ಮುಂದಿರುವುದು, ಅಂತಸ್ತಿನಲ್ಲಿ ಮೇಲಾಗುವುದು. ಅದರ ಲ್ಯಾಟಿನ್ ಮೂಲದ ಅರ್ಥವಾದರೋ ‘ಮುಂದೆ ನಡೆ’ ಎಂದಷ್ಟೆ. ಕನ್ನಡದಲ್ಲಿ ‘ಮುನ್ನ’, ‘ಮುಂದೆ’ ಒಂದೇ ಬೇರಿನವು. ಮುನ್ನ ಕಳೆದುದನ್ನು, ಮುಂದೆ ಬರಲಿರುವುದನ್ನು ಸೂಚಿಸುತ್ತದೆ. ‘ಮೇಲು’ ಬೇರೆಯೇ ಮಾತು.

ಇಲ್ಲಿ ನಿಗಡಿಯಲ್ಲಿ ಮರಾಠಿ ಗೆಳೆಯರು “ಯಾವ ಭಾಷೆ ಮೊದಲಿನದು?” ಎಂದಾಗಲೆಲ್ಲ ನಾನು ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಮುಂದೊಡ್ಡಿ, ಗೆದ್ದೆನೆಂದು ಬೀಗಿದ್ದುಂಟು. ಶಾಸ್ತ್ರೀಯ ಭಾಷೆಯ ಮನ್ನಣೆ ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ದೊರೆತಾಗ ನಡುವಣ ವರ್ಷಗಳನ್ನೂ ಎಣಿಸಿದೆ.

ನನ್ನನ್ನು ತಿದ್ದಿದುದು ಆಷಾಢೀ ವಾರಿ. ದೇಹುವಿನಿಂದ ಹೊರಟ ತುಕಾರಾಮರ ಪಾಲಖಿ ನಿಗಡಿಯನ್ನು ಹಾದು ಆಕುರ್ಡಿಗೆ ಸಾಗುವಾಗ ವಾರಕರಿಗಳ ದಿಂಡಿಗಳು ಕೆಲವು ರಥದ ಮುಂದೆ, ಕೆಲವು ಹಿಂದೆ. ಮುಂದೆ ನಡೆದವರು ಪಾಲಖಿಯ ಪಾದುಕೆಗಳಿಗಿಂತ ಮೇಲಿನವರಲ್ಲ, ಹಿಂದೆ ಬಂದವರು ಕೀಳಲ್ಲ. ಎಲ್ಲರೂ ಹೊರಟುದು ಪಂಢರಪುರಕ್ಕೆ. ಜ್ಞಾನೇಶ್ವರರು ‘ಕಾನಡಾ’ ಎಂದು ಕರೆದ ವಿಠ್ಠಲನೆಡೆಗೆ.

ಹಲ್ಮಿಡಿ ನಮ್ಮ ಮುನ್ನ, ನಿಜ. ಆದರೆ ನಿಗಡಿಯ ನಮ್ಮ ಮಕ್ಕಳು ಕನ್ನಡ ಓದದೆ ಹೋದರೆ ಆ ಮುನ್ನಕ್ಕೆ ಮುಂದೆಯೇ ಇಲ್ಲ.