ಕಾರ್ಖಾನೆಯ ಕಸಕ್ಕೂ ಲೆಕ್ಕ ಬೇಕು
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ಗಿರಣಿ, ಕಾರ್ಖಾನೆ, ಗೋದಾಮುಗಳಲ್ಲಿ ದುಡಿಯುವವರು. ಮಾಲು ಎಷ್ಟು ಹೊರಟಿತೆಂಬುದನ್ನು ದಿನವೂ ಬರೆದಿಡುತ್ತೇವೆ. ಮಾಲಿನ ಜೊತೆಗೇ ಹುಟ್ಟಿದ ಕಸ ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ. ಈ ಹೊತ್ತು ಅದನ್ನು ನಾವೆಲ್ಲರೂ ಕೂಡಿ ವಿಚಾರಿಸೋಣ.

ಕಸವೆಲ್ಲ ಒಂದೇ ಬಗೆಯದಲ್ಲ. ನೂಲಿನ ಗಿರಣಿಯಲ್ಲಿ ಹರಿದುಬಿದ್ದ ಹಂಜಿ ಮತ್ತೆ ಹತ್ತಿಯೊಡನೆ ಸೇರಿ ನೂಲಾಗುತ್ತದೆ. ತುಂಡು ನೂಲು ಯಂತ್ರ ಒರಸುವುದಕ್ಕೆ ಮಾರಾಟವಾಗುತ್ತದೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ಇವಕ್ಕೆ ಕೊಳ್ಳುವವರಿದ್ದಾರೆ, ಆದುದರಿಂದ ಲೆಕ್ಕವೂ ಇದೆ. ಕೊಳ್ಳುವವರಿಲ್ಲದ ವಿಷದ ಕೆಸರು, ಆಮ್ಲ ಮುಂತಾದವುಗಳದೇ ತೊಡಕು.

ಒಂದು ಉದಾಹರಣೆ ನೋಡೋಣ. ರಾಜಸ್ಥಾನದ ಉದಯಪುರದ ಬಳಿ ಬಿಛ್ರಿ ಎಂಬ ಹಳ್ಳಿಯಿದೆ. ೧೯೮೮ರ ಸುಮಾರಿಗೆ ಅಲ್ಲಿ ಎಚ್-ಆಸಿಡ್ ತಯಾರಿಸಿದರು. ಬಟ್ಟೆಯ ಬಣ್ಣ ಮಾಡುವುದಕ್ಕೆ ಬೇಕಾದ ರಾಸಾಯನಿಕವಿದು. ರಫ್ತಿಗಾಗಿ ಮಾಡಿದ ಮಾಲು ಸುಮಾರು ೩೭೫ ಟನ್. ಅದರಿಂದ ಹುಟ್ಟಿದ ಕೆಸರು ಸುಮಾರು ೨,೪೪೦ ಟನ್. ಒಂದು ಟನ್ ಮಾಲಿಗೆ ಆರು ಟನ್ನಿಗೂ ಮಿಕ್ಕಿದ ಕೆಸರು! ಅದನ್ನು ಬಯಲಲ್ಲಿ ಸುರಿದರು. ಮಳೆ ಅದನ್ನು ನೆಲದೊಳಕ್ಕೆ ಇಳಿಸಿತು. ಬಾವಿಗಳ ನೀರು ಕಪ್ಪಿಟ್ಟು ಜನಕ್ಕೂ ದನಕ್ಕೂ ಪೈರಿಗೂ ಬಾರದಾಯಿತು. ಆ ಮಾಲಿನ ತಯಾರಿಕೆ ನಿಂತ ಮೇಲೂ ವಿಷ ನಿಲ್ಲಲಿಲ್ಲ. ಕೆಡಿಸಿದವನೇ ಅದರ ವೆಚ್ಚವನ್ನು ತೆರಬೇಕೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿ ತೀರ್ಪು ಕೊಟ್ಟಿತು. ಆದರೂ ಹಣ ವಸೂಲಿಗಾಗಿ ೨೦೧೧ರಲ್ಲಿ ಅದೇ ಕೋರ್ಟು ಮತ್ತೆ ಆಜ್ಞೆ ಮಾಡಬೇಕಾಯಿತು.

ಅಪಾಯಕಾರಿ ಕಸಕ್ಕೆ ನಮ್ಮ ದೇಶದಲ್ಲಿ ೧೯೮೯ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ೨೦೧೬ರಲ್ಲಿ ಅವನ್ನು ಹೊಸದಾಗಿ ರಚಿಸಿದರು. ಇವುಗಳಂತೆ ಕಾರ್ಖಾನೆಯು ಅಂಥ ಕಸವನ್ನು ಸಾಮಾನ್ಯವಾಗಿ ೯೦ ದಿನಕ್ಕಿಂತ ಹೆಚ್ಚು ಕಾಲ ಕೂಡಿಡಕೂಡದು. ಮರಳಿ ಬಳಸಬಹುದಾದುದನ್ನು ಅನುಮತಿ ಪಡೆದವರಿಗೇ ಕೊಡಬೇಕು. ಸುಡತಕ್ಕದ್ದನ್ನು ಅದಕ್ಕೆಂದೇ ಕಟ್ಟಿದ ಕುಲುಮೆಯಲ್ಲಿ ಸುಡಬೇಕು. ಉಳಿದುದನ್ನು, ವಿಷ ನೆಲಕ್ಕೆ ಇಳಿಯದಂತೆ ಹಾಸು ಹಾಕಿದ ಗುಂಡಿಯಲ್ಲಿ ಹೂಳಬೇಕು.

ಇಲ್ಲಿ ನಮ್ಮಂಥ ಗುಮಾಸ್ತರ ಕೆಲಸ ಬರುತ್ತದೆ. ಕಸದ ಲಾರಿಗೆ ಏಳು ಪ್ರತಿಗಳ ರವಾನೆ ಚೀಟಿ ಬೇಕೆಂದು ೨೦೧೬ರ ನಿಯಮ ಹೇಳಿತು. ಒಂದೊಂದಕ್ಕೆ ಒಂದೊಂದು ಬಣ್ಣ. ಬಿಳಿಯದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿಯದು ಕಳಿಸಿದವರ ಕಡತಕ್ಕೆ. ಕಸ ಮುಟ್ಟಿತೆಂದು ಪಡೆದವರು ಸಹಿ ಹಾಕಿ ನೀಲಿ ಪ್ರತಿಯನ್ನು ಕಳಿಸಿದವರಿಗೆ ಹಿಂತಿರುಗಿಸಬೇಕು. ಆ ನೀಲಿ ಪ್ರತಿ ಕೈಸೇರುವವರೆಗೆ ಲೆಕ್ಕ ಮುಗಿದಂತಲ್ಲ. ಲಾರಿ ಗೇಟು ದಾಟಿತೆಂದು ಪುಸ್ತಕ ಮುಚ್ಚಿದರೆ, ಕತ್ತಲೆಯಲ್ಲಿ ಯಾವುದೋ ಹಳ್ಳದ ದಂಡೆಯಲ್ಲಿ ಅದು ಖಾಲಿಯಾಗಬಹುದು.

ಆದುದರಿಂದ ಚೀಟಿ ಮರಳಿ ಬಾರದಿದ್ದರೆ, ಏಕೆ ಬರಲಿಲ್ಲವೆಂದು ಮೇಲಿನವರನ್ನು ಬರಹದಲ್ಲಿಯೇ ಕೇಳೋಣ. ಪೀಪಾಯಿ ಹೊರುವ ಸೋದರರಿಗೆ ಅದರೊಳಗೆ ಏನಿದೆಯೆಂದು ಓದಿ ಹೇಳೋಣ. ಕೈಗವಸಿಲ್ಲದೆ ಅದನ್ನು ಮುಟ್ಟದಿರುವಂತೆ ನೋಡಿಕೊಳ್ಳೋಣ.

ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಕಾರ್ಖಾನೆಯ ಹಿಂದಿನ ಹಳ್ಳಿ ನಮ್ಮದಲ್ಲವೆಂದು ತೋರಬಹುದು. ಆದರೆ ಅಲ್ಲಿಯೂ ನಮ್ಮ ತಾಯಂದಿರಂಥವರೇ ಬಾವಿಗೆ ಕೊಡ ಇಳಿಸುತ್ತಾರೆ. ಆ ನೀರು ತಿಳಿಯಾಗಿರುವುದು ನಾವು ಬರೆಯುವ ಲೆಕ್ಕವನ್ನೂ ಅವಲಂಬಿಸಿದೆ.