ಜಯದ ಕಮಾನು: ಹುಡುಗರಿಗೆ ಹೇಳುವ ಬಗೆ



ನಮ್ಮಲ್ಲಿ ಕೆಲವರು ಕಚೇರಿ ಮುಗಿಸಿ ಮುಂಬಯಿಯ ರಾತ್ರಿಶಾಲೆಗಳಲ್ಲಿ ಪಾಠ ಹೇಳುತ್ತೇವೆ. ಅರಸರ ಹೆಸರು, ಯುದ್ಧದ ಇಸವಿ ಬರೆಸಿದರೆ ರೋಮಿನ ಚರಿತ್ರೆ ಮುಗಿಯಿತೆಂಬ ರೂಢಿಯುಂಟು. ಅದರ ಬದಲು ಒಂದು ಕಮಾನಿನ ಚಿತ್ರ ಮುಂದಿಟ್ಟು, "ಇಲ್ಲಿ ಹೊರೆ ಹೊತ್ತವರು ಯಾರು? ಅದು ಯಾರ ಸೊತ್ತು?" ಎಂದು ಕೇಳೋಣ.

ಟೈಟಸ್ ಚಕ್ರವರ್ತಿಯ ಕಮಾನನ್ನೇ ತೆಗೆದುಕೊಳ್ಳಿ. ಕ್ರಿ.ಶ. 70ರಲ್ಲಿ ಅವನ ಸೇನೆ ಜೆರೂಸಲೇಮನ್ನು ಹಿಡಿಯಿತು. ಯಹೂದ್ಯರ ದೇವಾಲಯ ಸುಟ್ಟುಹೋಯಿತು. ಮರುವರ್ಷ ರೋಮಿನಲ್ಲಿ ಜಯದ ಮೆರವಣಿಗೆ. ಕಮಾನು ಎದ್ದದ್ದು ಸುಮಾರು 81ರಲ್ಲಿ, ಟೈಟಸ್ ತೀರಿಕೊಂಡ ಮೇಲೆ. ಅದರ ಒಳಬದಿಯ ಒಂದು ಫಲಕದಲ್ಲಿ ಅವನು ನಾಲ್ಕು ಕುದುರೆಯ ರಥದಲ್ಲಿ ನಿಂತಿದ್ದಾನೆ. ಎದುರಿನ ಫಲಕದಲ್ಲಿ ದೇವಾಲಯದ ಏಳು ಕವಲಿನ ದೀಪಸ್ತಂಭ, ನೈವೇದ್ಯದ ಮೇಜು, ತುತ್ತೂರಿಗಳು. ಅವನ್ನು ಅಡ್ಡೆಯ ಮೇಲಿಟ್ಟು ಹೆಗಲಲ್ಲಿ ಹೊತ್ತು ನಡೆದಿದ್ದಾರೆ. ಬಂದರಿನಲ್ಲಿ ಮೂಟೆ ಹೊತ್ತ ನಮ್ಮವರಿಗೆ ಆ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಹೊತ್ತವರ ತಲೆಗೆ ಎಲೆಯ ಮಾಲೆಯಿದೆ. ಅವರು ಗೆದ್ದ ಕಡೆಯವರು. ಸೋತವರೆಲ್ಲಿ? ಸೈಮನ್ ಬಾರ್ ಗಿಯೋರನೆಂಬ ಸೆರೆಯಾಳನ್ನು ಅದೇ ಮೆರವಣಿಗೆಯಲ್ಲಿ ನಡೆಸಿ, ಕೊನೆಗೆ ಕೊಂದರು. ಇದನ್ನು ಬರೆದಿಟ್ಟವನು ಜೋಸೆಫಸ್ ಎಂಬ ಯಹೂದ್ಯ ಇತಿಹಾಸಕಾರ. ಈ ಎರಡು ಫಲಕಗಳಲ್ಲಿ ಸೈಮನ್ ಇಲ್ಲ.

ಅಲ್ಲೇ ಸಮೀಪದಲ್ಲಿ ಕಾನ್‌ಸ್ಟಂಟೈನನ ಕಮಾನಿದೆ, 315ರದು. ಅವನು 312ರಲ್ಲಿ ಸೋಲಿಸಿದ್ದು ಹೊರಗಿನವರನ್ನಲ್ಲ, ರೋಮನ್ನಾಳುತ್ತಿದ್ದ ಮ್ಯಾಕ್ಸೆಂಟಿಯಸನನ್ನು. ಶಾಸನದಲ್ಲಿ ಸೋತವನ ಹೆಸರೇ ಇಲ್ಲ, ದಬ್ಬಾಳಿಕೆಗಾರನೆಂದಷ್ಟೇ ಇದೆ. ಹಳೆಯ ಚಕ್ರವರ್ತಿಗಳ ಶಿಲ್ಪಗಳನ್ನು ತಂದು, ಕೆಲವಕ್ಕೆ ಮುಖ ತಿದ್ದಿ, ಹೊಸ ಅರಸನನ್ನಾಗಿ ಮಾಡಿದರು. ಹುಡುಗರು ಇದಕ್ಕೆ ನಗುತ್ತಾರೆ. ನಗಲಿ, ನಕ್ಕದ್ದನ್ನು ಬೇಗ ಮರೆಯುವುದಿಲ್ಲ.

ಚಿತ್ರದಿಂದ ತೃಪ್ತಿಯಾಗದಿದ್ದರೆ, ರೋಮಿನ ಮಾದರಿಯನ್ನು ನೆನೆದು ಕಟ್ಟಿದ ಕಮಾನೊಂದು ನಮ್ಮೂರಲ್ಲೇ ಇದೆ. ಒಂದು ಭಾನುವಾರ ಹುಡುಗರನ್ನು ಅಪೋಲೊ ಬಂದರಿಗೆ ಕರೆದೊಯ್ಯೋಣ. ಗೇಟ್‌ವೇ ಆಫ್ ಇಂಡಿಯಾ ಯುದ್ಧ ಗೆದ್ದ ಗುರುತಲ್ಲ, ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪು. ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕು. 1924ರಲ್ಲಿ ಅದರ ಉದ್ಘಾಟನೆಯಾಯಿತು. ದೊರೆ ಬಂದ ಇಸವಿಯನ್ನು, ಅಂದರೆ 1911ನ್ನು, ಮೇಲೆ ರೋಮನ್ ಅಂಕಿಗಳಲ್ಲೇ ಕೆತ್ತಿದ್ದಾರೆ. ಅದನ್ನು ಹುಡುಗರೇ ಬಿಡಿಸಿ ಓದಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದಳ ಅದೇ ಕಮಾನಿನಡಿ ನಡೆದು ಹಡಗು ಹತ್ತಲು ಹೋಯಿತೆಂಬುದನ್ನು ನಾವು ಹೇಳೋಣ.